ಬಿಡ್ತು ಅನ್ನಿ ಸ್ವಾಮಿ

ಅಂಕಿಅಂಶದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಬಡ್ತಿಯ ವಿಷಯ. ಅದರ ಬಗ್ಗೆ ನನಗೆ ಹೆಚ್ಚು ತಿಳಿಯದು, ಅದು ಬರುವಾಗ ಬಂತು. ನನಗೆ ಚೆನ್ನಾಗಿ ತಿಳಿದಿರುವುದು ನಾಯಿಗಳ ವಿಷಯ. ಹೊಸಕೋಟೆ ತಾಲ್ಲೂಕಿನ ನಾಯಿಗಳು ಮೊದಲು ಬೊಗಳಿ ಆಮೇಲೆ ಯೋಚಿಸುತ್ತಿದ್ದವು. ನೆಲಮಂಗಲದವು ಬೊಗಳದೆ ಸುಮ್ಮನೆ ಹಿಂದಿನಿಂದ ಬರುತ್ತಿದ್ದವು. ಸೈಕಲ್ಲಿನ ಹ್ಯಾಂಡಲ್ಲಿಗೆ ಚೀಲ ತೂಗುಹಾಕಿಕೊಂಡು ಮನೆ ಮನೆ ತಿರುಗುವವನಿಗೆ ಈ ವ್ಯತ್ಯಾಸ ತಿಳಿದಿದ್ದರೆ ಅರ್ಧ ಕೆಲಸ ಬಂದಂತೆ.

ಉಳಿದರ್ಧದ ವಿಷಯ ಹೇಳುವ ಮೊದಲು ನಾನು ಕೆಲಸಕ್ಕೆ ಸೇರಿದ್ದು ಹೇಗೆ ಎಂದು ಒಪ್ಪಿಕೊಂಡುಬಿಡುತ್ತೇನೆ. ಈಗ ಪಿಂಚಣಿ ಬರುತ್ತಿದೆ, ಭಯವಿಲ್ಲ. ಚಿಕ್ಕಂದಿನಲ್ಲಿ ದೇವನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿ ನನ್ನ ಎಡಗಣ್ಣಿಗೆ ಬಡಿದಿತ್ತು. ಹೊರಗಿನಿಂದ ನೋಡಿದರೆ ಕಣ್ಣು ಸರಿಯಾಗಿಯೇ ಇದೆ, ಕಾಣುವುದು ಮಾತ್ರ ಏನೂ ಇಲ್ಲ. ಅರವತ್ತರ ದಶಕದ ಕೊನೆಯಲ್ಲಿ ಕೆಲಸ ಸಿಕ್ಕಿದಾಗ ವೈದ್ಯಕೀಯ ಪರೀಕ್ಷೆಗೆ ಹೋದೆ. ಡಾಕ್ಟರು ಗೋಡೆಯ ಮೇಲಿನ ಅಕ್ಷರ ತೋರಿಸಿ, "ಒಂದು ಕಣ್ಣು ಮುಚ್ಚಿ ಓದಿ" ಎಂದರು. ಎಡಗೈಯಿಂದ ಎಡಗಣ್ಣು ಮುಚ್ಚಿ ಓದಿದೆ. "ಈಗ ಇನ್ನೊಂದು" ಎಂದರು. ಬಲಗೈಯಿಂದ ಮತ್ತೆ ಎಡಗಣ್ಣನ್ನೇ ಮುಚ್ಚಿ, ಇನ್ನೂ ಜೋರಾಗಿ ಓದಿದೆ. ಅವರು ತಲೆ ಬಗ್ಗಿಸಿಕೊಂಡು ಫಾರಂ ತುಂಬುತ್ತಿದ್ದರು. "ಫಸ್ಟ್ ಕ್ಲಾಸ್ ಕಣ್ಣು" ಎಂದು ಸಹಿ ಹಾಕಿದರು.

ಕೆಲಸ ತಾತ್ಕಾಲಿಕ. ಮೇಲಧಿಕಾರಿ ಒಂದು ಚೀಟಿ ಬರೆದರೆ ಮನೆಗೆ ನಡೆಯಬೇಕು. ಊರಿನಲ್ಲಿ ಎರಡು ಎಕರೆ ಹೊಲಕ್ಕೆ ನಾವು ಮೂವರು ಅಣ್ಣತಮ್ಮಂದಿರು, ಹಾಗಾಗಿ ವಾಪಸ್ಸು ಹೋಗಲು ಜಾಗವಿರಲಿಲ್ಲ. ಆ ಕಣ್ಣಿನ ವಿಷಯ ಹೊಸದಾಗಿ ಮದುವೆಯಾದ ಹೆಂಡತಿಗೂ ಹೇಳಿರಲಿಲ್ಲ. ಅವಳಿಗೆ ಎರಡನೇ ವಾರಕ್ಕೇ ಗೊತ್ತಾಗಿತ್ತಂತೆ, ಅದು ಬೇರೆ ಮಾತು.

ಇಂಥವನಿಗೆ ಇಲಾಖೆ ಕೊಟ್ಟ ಕೆಲಸ ನೋಡಿ: ಯಾವ ಮನೆಯಲ್ಲಿ ಎಷ್ಟು ಜನಕ್ಕೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ, ನಡೆಯಲು ಆಗುವುದಿಲ್ಲ ಎಂದು ಎಣಿಸಿಕೊಂಡು ಬರುವುದು. ಆಯ್ದ ಕೆಲವು ಊರುಗಳ ಸರ್ವೆ ಅದು. ಹಾಳೆಯ ಮೇಲೆ ಅಚ್ಚಾಗಿದ್ದ ಪ್ರಶ್ನೆಯನ್ನು ಇದ್ದಂತೆಯೇ ಬರೆಯುತ್ತೇನೆ. ಇಂದು ಆ ಪದಗಳನ್ನು ಬಳಸುವಂತಿಲ್ಲ, ಬಳಸಲೂಬಾರದು. "ಈ ಮನೆಯಲ್ಲಿ ಕುರುಡರು, ಕಿವುಡರು, ಮೂಗರು, ಕುಂಟರು ಯಾರಾದರೂ ಇದ್ದಾರೆಯೇ?"

ಬೆಳಿಗ್ಗೆ ಎಂಟು ಗಂಟೆಗೆ, ಆಗತಾನೇ ಸಾರಿಸಿ ರಂಗೋಲಿ ಬಿಟ್ಟ ಬಾಗಿಲ ಮುಂದೆ ನಿಂತು ಈ ಪ್ರಶ್ನೆ ಕೇಳಿದರೆ ಏನಾಗುತ್ತದೆ? ಮನೆಯಾಕೆ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. "ಬಿಡ್ತು ಅನ್ನಿ ಸ್ವಾಮಿ! ಹೊತ್ತಾರೆ ಎದ್ದು ಎಂಥಾ ಮಾತಾಡ್ತೀರಿ!" ಅಶುಭ ನುಡಿದವನೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಅದು ನಮ್ಮ ಕಡೆಯ ಪದ್ಧತಿ. ನಾನೂ ಅದೇ ನೀರು ಕುಡಿದು ಬೆಳೆದವನು. ತಪ್ಪು ಮಾಡಿದವನ ಹಾಗೆ "ಬಿಡ್ತು, ಬಿಡ್ತು" ಎಂದು ಎರಡು ಸಲ ಹೇಳಿ, ಹಾಳೆಯಲ್ಲಿ ಸೊನ್ನೆ ಬರೆದು ಮುಂದಿನ ಮನೆಗೆ ಹೋಗುತ್ತಿದ್ದೆ. ಬೇರೆ ದೇಶದ ಎಣಿಕೆದಾರನಾಗಿದ್ದರೆ ಇನ್ನೊಮ್ಮೆ ಕೇಳುತ್ತಿದ್ದನೋ ಏನೋ. ನಾನು ಬಿಡ್ತು ಅಂದ ಮೇಲೆ ಆ ಮಾತು ಮುಗಿಯಿತು, ಅದನ್ನು ಮತ್ತೆ ಕೇಳುವುದು ಹೇಗೆ? ಹೀಗೆ ಊರಿಗೆ ಊರೇ ಸೊನ್ನೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಐದು ಹಳ್ಳಿ ಸುತ್ತಿದೆ, ಐದರಲ್ಲೂ ಎಲ್ಲರ ಕಣ್ಣು ಕಿವಿ ಕಾಲು ಭದ್ರ.

ನಮ್ಮ ಸೂಪರ್‌ವೈಸರು ಶ್ಯಾಮರಾಯರಿಗೆ ನನ್ನ ಹಾಳೆಗಳೆಂದರೆ ಪ್ರಾಣ. ಅವರ ಕೈಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್ಲು. ಹೊಡೆದು ಬರೆದದ್ದು, ತಿದ್ದಿದ್ದು ಕಂಡರೆ ಉರಿದುಬೀಳುತ್ತಿದ್ದರು. ಸೊನ್ನೆಯಲ್ಲಿ ತಿದ್ದಲು ಏನಿದೆ? "ಪಿಳ್ಳಪ್ಪನ್ನ ನೋಡಿ ಕಲೀರಯ್ಯ, ಹಾಳೆ ಹೇಗಿದೆ, ಹಾಲಿನ ಹಾಗೆ!" ಎಂದು ಉಳಿದವರಿಗೆ ನನ್ನ ಹಾಳೆ ತೋರಿಸುತ್ತಿದ್ದರು. ರಾಯರು ನಿಯಮದ ಮನುಷ್ಯ. ನಿಯಮದ ಪುಸ್ತಕ ಅವರಿಗೆ ಕಂಠಪಾಠ. ತಪಾಸಣೆಗೆ ಹಳ್ಳಿಗೆ ಬಂದರೆ ಯಾರ ಮನೆಯಲ್ಲೂ ಚಾಪೆಯ ಮೇಲೆ ಕೂರುತ್ತಿರಲಿಲ್ಲ. ಕೊಡೆ ಊರಿಕೊಂಡು ಬೀದಿಯಲ್ಲೇ ನಿಲ್ಲುವರು. ಜಂಬ ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.

ಎಪ್ಪತ್ತರ ದಶಕ ಸ್ವಲ್ಪ ಮುಂದೆ ಸಾಗಿದಾಗ ನನ್ನ ಸೊನ್ನೆಗಳು ಸಮುದ್ರ ದಾಟಿದವು. ಹಲವು ದೇಶಗಳವರು ಕೂಡಿ, ಎಲ್ಲ ಕಡೆಯೂ ಒಂದೇ ಬಗೆಯಲ್ಲಿ ಈ ಎಣಿಕೆ ಮಾಡುವುದು ಹೇಗೆ ಎಂದು ನೋಡುತ್ತಿದ್ದರಂತೆ. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ, ಬೀದಿಗೊಂದು ಆಸ್ಪತ್ರೆ ಇರುವ ದೇಶಕ್ಕಿಂತ ನಮ್ಮ ಹಳ್ಳಿಗಳಲ್ಲಿ ಕಣ್ಣು ಕಾಣದವರು ಕಡಿಮೆ! ಅದನ್ನು ನೋಡಲು ಒಬ್ಬಾಕೆ ಹೊರಟು ಬಂದರು. ಹಿಮ ಬೀಳುವ ಯಾವುದೋ ದೇಶದವರು, ಹೆಸರು ಎಲ್ಸಾ. ಬಾಗಿಲಿಗಿಂತ ಎತ್ತರ, ನಕ್ಕರೆ ಮುಖವೆಲ್ಲ ಕೆಂಪು. ಬೆಂಗಳೂರಿನಿಂದ ಜೀಪಿನಲ್ಲಿ ಬಂದವರೇ ರಾಯರಿಗೆ ಇಂಗ್ಲಿಷಿನಲ್ಲಿ ಹೇಳಿದರು: "ನಿಮ್ಮಲ್ಲಿ ಏನೋ ದಿವ್ಯೌಷಧ ಇರಬೇಕು, ಇಲ್ಲವೇ ನಿಮ್ಮ ಪ್ರಶ್ನೆ ಕೆಟ್ಟಿರಬೇಕು. ಔಷಧವಾದರೆ ನನಗೂ ಸ್ವಲ್ಪ ಕೊಡಿ." ಹಾಲಿನಂಥ ಹಾಳೆಗಳ ಒಡೆಯನಾದ ನನ್ನನ್ನೇ ದುಭಾಷಿಯಾಗಿ ಜೊತೆಗೆ ಕಳಿಸಿದರು. ನನ್ನ ಇಂಗ್ಲಿಷು ಹೈಸ್ಕೂಲಿನದು, ಆಕೆಯ ಇಂಗ್ಲಿಷೂ ಕಲಿತದ್ದೇ. ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿತು.

ಆಕೆ ಒಂದು ಹೊಸ ಹಾಳೆ ತಂದಿದ್ದರು. ಎಲ್ಲ ದೇಶಕ್ಕೂ ಆಗಲಿ ಎಂದು ಮಾಡಿದ ಪ್ರಶ್ನೆಗಳು. ಅದರಲ್ಲಿ 'ಕುರುಡ', 'ಕುಂಟ' ಎಂಬ ಮಾತೇ ಇರಲಿಲ್ಲ. ನನಗೆ ಸಂತೋಷವಾಯಿತು, ಮೊದಲ ದಿನ ಮಾತ್ರ. "ಮಾಮೂಲು ದೂರದಲ್ಲಿ ಹಿಡಿದು ಪೇಪರು ಓದಲು ಕಷ್ಟವೇ?" ಎಂದು ಒಬ್ಬ ಗಟ್ಟಿಮುಟ್ಟಾದ ರೈತನನ್ನು ಕೇಳಿದೆ. "ಆಗೋದೇ ಇಲ್ಲ ಸ್ವಾಮಿ" ಎಂದ. ಮೇಡಂ ಅಯ್ಯೋ ಪಾಪ ಎಂದು ಗುರುತು ಹಾಕಿಕೊಂಡರು. ಯಾವಾಗಿನಿಂದ ಕಾಣುತ್ತಿಲ್ಲ ಎಂದು ಕೇಳಿದರೆ ಅವನಿಗೆ ಸಿಟ್ಟು ಬಂತು. "ಕಣ್ಣಿಗೇನಾಗಿದೆ? ನಾನು ಇಸ್ಕೂಲಿಗೇ ಹೋಗಿಲ್ಲ!"

ಇನ್ನೊಂದು ಪ್ರಶ್ನೆ, "ಮೆಟ್ಟಿಲು ಹತ್ತಲು ಕಷ್ಟವೇ?" ಆ ಊರಿನ ಯಾವ ಮನೆಯಲ್ಲೂ ಮೆಟ್ಟಿಲಿಲ್ಲ. ಅವರಿಗೆ ಮೆಟ್ಟಿಲೆಂದರೆ ಶಿವಗಂಗೆ ಬೆಟ್ಟದವೇ. ಗೋಡೆ ಹಿಡಿದು ಕುಂಟುತ್ತ ಬಂದ ಮುದುಕನೊಬ್ಬ ಎದೆಯುಬ್ಬಿಸಿ, "ಮೂರು ಸಲ ಹತ್ತಿದೀನಿ ಬುದ್ಧಿ, ಸ್ವಾಮಿ ಕರುಣೆ, ಏನೂ ಕಷ್ಟ ಆಗ್ಲಿಲ್ಲ" ಎಂದ. ಯಾವಾಗ ಹತ್ತಿದ್ದೆಂದು ಕೇಳಿದರೆ, ಅವನ ಮದುವೆಗೂ ಮುಂಚೆ. ದೇವರ ಬೆಟ್ಟ ಹತ್ತಲು ಕಷ್ಟವಾಯಿತು ಎಂದು ಯಾರು ತಾನೇ ಹೇಳುತ್ತಾರೆ? ಸಂಜೆಯ ಹೊತ್ತಿಗೆ ಮೇಡಂ ಹಾಳೆಯನ್ನು ಮಡಚಿ ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. "ಮಿಸ್ಟರ್ ಪಿಳ್ಳಪ್ಪ, ನಿಮ್ಮ ಪ್ರಶ್ನೆಯೂ ಕೆಟ್ಟದ್ದು, ನಮ್ಮದೂ ಕೆಟ್ಟದ್ದು" ಎಂದರು.

ಮರುದಿನ ಸೊನ್ನೆ ಬರೆದಿದ್ದ ಒಂದು ಮನೆಯನ್ನು ಮತ್ತೆ ನೋಡಬೇಕೆಂದರು. ತಪಾಸಣೆಯೆಂದು ರಾಯರೂ ಬಂದರು. ಅದು ಸಾಸಲು ಹೋಬಳಿಯ ಕೆಂಪಣ್ಣ ಎಂಬ ರೈತನ ಮನೆ. ಬಾಗಿಲ ಎಡಗಡೆ ಬಂದವರು ಕಾಲು ತೊಳೆಯಲೆಂದು ಹಿತ್ತಾಳೆಯ ಚೊಂಬಿನಲ್ಲಿ ನೀರಿಟ್ಟಿದ್ದರು. ನನ್ನ ಕಾಲು ತಗುಲಿ ಅದು ಠಣ್ಣೆಂದು ಉರುಳಿತು. ಕೆಂಪಣ್ಣನ ತಾಯಿ ಮುನಿಯಮ್ಮ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಹಳೆಯ ಸರ್ವೆಯಲ್ಲಿ ಬಂದಾಗಲೂ ಹಾಗೇ ಕೂತಿದ್ದಳು. ಮೇಡಂ ಅವಳ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ನೋಡಿ, ನನ್ನ ಕಿವಿಯಲ್ಲಿ, "ಈಕೆ ಬೆರಳಿನಲ್ಲಿ ಹುಡುಕುತ್ತಿದ್ದಾಳೆ, ಕಣ್ಣಿನಲ್ಲಿ ಅಲ್ಲ" ಎಂದರು. ಹೌದು, ಎರಡು ಕಣ್ಣಿನ ಮೇಲೂ ಬೆಳ್ಳಗೆ ಪೊರೆ. ನಾನು ಅದೇ ಜಗುಲಿಯಲ್ಲಿ ಮಜ್ಜಿಗೆ ಕುಡಿದು ಸೊನ್ನೆ ಬರೆದುಕೊಂಡು ಹೋಗಿದ್ದೆ!

ಕೆಂಪಣ್ಣನಿಗೆ ಸಂಕೋಚ. "ಅವ್ವ ಕುರುಡಿ ಅಲ್ಲ ಸ್ವಾಮಿ. ವಯಸ್ಸಾಗೈತೆ, ಅಷ್ಟೇ."

"ಸುಮ್ನಿರೋ" ಎಂದು ಮುನಿಯಮ್ಮ ಮಗನ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಕಣಪ್ಪಾ, ಕುರುಡಿ ಇದಾಳಾ ಅಂತ ಕೇಳುದ್ರೆ ಯಾರ ಮಗ ಹೂಂ ಅಂತಾನೆ? ಏನು ಮಾಡಕ್ಕೆ ಕಷ್ಟ ಅಂತ ಕೇಳು. ಕೆರೆ ಏರಿ ಮೇಲೆ ಬರೋರು ಯಾರು ಅಂತ ಗುರುತು ಸಿಗುತ್ತಾ ಅಂತ ಕೇಳು. ನಂಗೆ ಸಿಗಲ್ಲ. ಒಳಗಡೆಯಿಂದ ಸೊಸೆ ಕರೆದ್ರೆ ಕೇಳ್ಸುತ್ತಾ ಅಂತ ಕೇಳು. ನಂಗೆ ಕೇಳ್ಸುತ್ತೆ, ನಮ್ಮ ಯಜಮಾನ್ರಿಗೆ ಕೇಳ್ಸಲ್ಲ, ಉಣ್ಣಕ್ಕೆ ಕರೆದ್ರೆ ಮಾತ್ರ ಕೇಳ್ಸುತ್ತೆ. ಬಾವಿಯಿಂದ ಬಿಂದಿಗೆ ಹೊತ್ತು ತರಕ್ಕೆ ಆಗುತ್ತಾ ಅಂತ ಕೇಳು. ಅದಕ್ಕೆ ಯಾಕೆ ನಾಚಿಕೆ?" ಎಂದಳು.

ನಾನು ಹೇಳಿದಂತೆಲ್ಲ ಮೇಡಂ ಬರೆದುಕೊಂಡದ್ದೇ ಬರೆದುಕೊಂಡದ್ದು. ದೇಶ ದೇಶದ ಪಂಡಿತರು ಕೂಡಿ ಮಾಡಲಾಗದ್ದನ್ನು ಮೊರ ಹಿಡಿದ ಮುದುಕಿ ಮಾಡಿಕೊಟ್ಟಿದ್ದಳು. ಬೀದಿಯಲ್ಲಿ ನಿಂತಿದ್ದ ರಾಯರೂ ಕೊಡೆಯ ಜೊತೆ ಎರಡು ಹೆಜ್ಜೆ ಮುಂದೆ ಬಂದರು. ಎಲ್ಲರಿಗೂ ಖುಷಿಯೋ ಖುಷಿ. ಅಷ್ಟರಲ್ಲಿ ಮುನಿಯಮ್ಮ ಮೊರ ಕೆಳಗಿಟ್ಟು ಕೇಳಿದಳು:

"ಅದಿರ್ಲಿ, ಹೋದ ಸಲ ಬಂದಾಗ್ಲೂ ನೀನು ಎಡಗಡೆ ಚೊಂಬು ಒದ್ದೆ. ಹೋಗೋವಾಗ ಬಲಗಡೆ ಬಂತು, ಒದೀಲಿಲ್ಲ. ಇವತ್ತು ಮತ್ತೆ ಎಡಗಡೆ ಒದ್ದೆ. ನಿಂಗೆ ಎಡಗಣ್ಣು ಕಾಣಾಕಿಲ್ವೇನಪ್ಪಾ?"

ನನ್ನ ಬಾಯಿಂದ ಯೋಚನೆಗೂ ಮುಂಚೆ ಬಂದ ಮಾತು: "ಬಿಡ್ತು ಅನ್ನು ಅಜ್ಜಿ!"

ಮೇಡಂ ಪೆನ್ಸಿಲ್ ಹಿಡಿದು ನನ್ನ ಮುಖ ನೋಡುತ್ತಿದ್ದಾರೆ. ಅಜ್ಜಿ ಏನೆಂದಳು, ಹೇಳಿ ಎಂದು ಅದರ ಅರ್ಥ. ದುಭಾಷಿ ನಾನೇ ತಾನೆ! "ಚೊಂಬು ಇಡುವ ಜಾಗ ಸರಿಯಿಲ್ಲ ಎನ್ನುತ್ತಾಳೆ ಮೇಡಂ" ಎಂದೆ. ಆಕೆ ಪಾಪ, ಅದನ್ನೂ ಬರೆದುಕೊಂಡರು. ಆದರೆ ರಾಯರಿಗೆ ದುಭಾಷಿಯ ಅಗತ್ಯವಿರಲಿಲ್ಲ. ಅವರು ಒಂದು ಸಲ ಚೊಂಬನ್ನು ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಜೀಪಿನಲ್ಲಿ ದೊಡ್ಡಬಳ್ಳಾಪುರಕ್ಕೆ ವಾಪಸ್ಸು ಹೊರಟೆವು. ಸುಳ್ಳು ಹೇಳಿ ಕೆಲಸಕ್ಕೆ ಸೇರಿದವನ ಮೇಲೆ ಯಾವ ನಿಯಮ ಹೇರಬೇಕೆಂದು ಅವರಿಗೆ ಪುಸ್ತಕ ತೆರೆಯದೆಯೇ ಗೊತ್ತಿರುತ್ತದೆ ಎಂದು ನಾನು ಮನಸ್ಸಿನಲ್ಲೇ ಹೊಲದ ಎರಡು ಎಕರೆಯನ್ನು ಮೂರು ಭಾಗ ಮಾಡಿ ನೋಡಿಕೊಂಡೆ.

ಮರುದಿನ ಬೆಳಿಗ್ಗೆ ರಾಯರು ಕರೆಸಿದರು. ಮೇಜಿನ ಮೇಲೆ ರಾತ್ರಿಯೆಲ್ಲ ಕೂತು ತಾವೇ ಗೆರೆ ಎಳೆದು ಬರೆದ ಒಂದು ಹಾಳೆ, ಮುನಿಯಮ್ಮನ ಪ್ರಶ್ನೆಗಳು. "ಹೊಸ ಪ್ರಶ್ನೆಗಳನ್ನ ಮೊದಲು ನಮ್ಮ ಸಿಬ್ಬಂದಿ ಮೇಲೆ ಪರೀಕ್ಷೆ ಮಾಡಬೇಕು ಅಂತ ಮೇಡಂ ಹೇಳಿದಾರೆ. ಕೂತ್ಕೋ" ಎಂದರು. ಹಾಳೆಯ ತಲೆಯ ಮೇಲಿದ್ದ ಸಾಲನ್ನು ಮಂತ್ರ ಹೇಳುವಂತೆ ಓದಿದರು. ಇಲ್ಲಿ ಕೊಟ್ಟ ಮಾಹಿತಿಯನ್ನು ಗುಟ್ಟಾಗಿ ಇಡಲಾಗುವುದು, ಅಂಕಿಅಂಶಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸಲಾಗದು. ಆ ಸಾಲನ್ನು ನಾನು ನೂರಾರು ಬಾಗಿಲಲ್ಲಿ ಓದದೆಯೇ ಹಾರಿಸಿದ್ದೆ.

"ಕೆರೆ ಏರಿ ಮೇಲೆ ಬರೋರು ಯಾರು ಅಂತ ಗುರುತು ಹಿಡಿಯೋದಕ್ಕೆ ಕಷ್ಟ ಇದೆಯೇ?"

"ಇಲ್ಲ ಸಾರ್" ಎಂದೆ.

ರಾಯರು ಪೆನ್ಸಿಲ್ ಕೆಳಗಿಟ್ಟರು. "ಪಿಳ್ಳಪ್ಪ, ಈ ಸಾಲು ಇನ್ನೊಂದ್ಸಲ ಓದ್ತೀನಿ, ಸರಿಯಾಗಿ ಕೇಳಿಸ್ಕೋ." ಓದಿದರು. "ನಾನು ಇಷ್ಟು ವರ್ಷದಲ್ಲಿ ಯಾವುದಾದ್ರೂ ನಿಯಮ ಮುರಿದದ್ದು ನೋಡಿದೀಯಾ?"

"ಇಲ್ಲ ಸಾರ್."

"ಹಾಗಿದ್ರೆ ಹೇಳು."

ಬಲಗಣ್ಣಿನಲ್ಲಿ ಚೆನ್ನಾಗಿ ಕಾಣುತ್ತದೆ, ಎಡಗಣ್ಣಿನಲ್ಲಿ ಏನೂ ಕಾಣುವುದಿಲ್ಲ ಎಂದೆ. ಒಂಬತ್ತು ವರ್ಷದವನಾಗಿದ್ದಾಗಿನಿಂದ ಯಾರಿಗೂ ಹೇಳದ ಮಾತು ಅದು. ಎದುರಿಗಿದ್ದ ಮನುಷ್ಯ ಗಾಬರಿಪಡದೆ ಒಂದು ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದ. ಎಷ್ಟು ಹಗುರಾಯಿತೆಂದರೆ, ಉಳಿದ ಪ್ರಶ್ನೆಗಳಿಗೆ ಕೇಳದ್ದನ್ನೂ ಸೇರಿಸಿ ಉತ್ತರ ಕೊಟ್ಟೆ. ಹಾಳೆ ತುಂಬಿದ ಮೇಲೆ ರಾಯರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ನೀನು ಹೇಳಿದ್ದು ಸರ್ವೆಗೆ. ಶ್ಯಾಮರಾಯನಿಗಲ್ಲ. ಅವನಿಗೆ ಏನೂ ಗೊತ್ತಿಲ್ಲ."

"ನಿನ್ನೆ ಅಜ್ಜಿ ಹೇಳಿದ್ದು, ಸಾರ್?"

"ಅಜ್ಜಿ ಹೇಳಿದ್ದೂ ಸರ್ವೆ ಸಮಯದಲ್ಲೇ ತಾನೆ?"

ನಾನು ಕಾಲಿಗೆ ಬೀಳಲು ಹೋದೆ. "ಅದೆಲ್ಲ ನಿಯಮದಲ್ಲಿಲ್ಲ" ಎಂದು ತಡೆದು, ಇನ್ನೊಂದು ಖಾಲಿ ಹಾಳೆಯನ್ನೂ ಕೆಂಪು ಪೆನ್ಸಿಲ್ಲನ್ನೂ ನನ್ನ ಕಡೆ ತಳ್ಳಿದರು. "ಈಗ ನನ್ನ ಕೇಳು." ಆ ಪೆನ್ಸಿಲ್ಲನ್ನು ಬೇರೆಯವರು ಮುಟ್ಟಿದ್ದು ಅದೇ ಮೊದಲು. ನೆಲದ ಮೇಲೆ ಕೂತು ಏಳಲು ಕಷ್ಟವೇ ಎಂಬ ಪ್ರಶ್ನೆ ಬಂದಾಗ ರಾಯರು ಕಿಟಕಿಯ ಕಡೆ ನೋಡಿ, "ಬಹಳ" ಎಂದರು. ಅಷ್ಟು ವರ್ಷ ನಾವು ಜಂಬವೆಂದು ಆಡಿಕೊಂಡದ್ದು ಮಂಡಿ ನೋವು!

ಆಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಬಾಗಿಲಲ್ಲಿ ನಿಂತು ಕೇಳುವುದನ್ನು ಬಿಟ್ಟು ಜಗುಲಿಯಲ್ಲಿ ಕೂತು ಕೇಳಿದೆವು. ತಲೆಯ ಸಾಲನ್ನು ನಿಧಾನವಾಗಿ ಓದಿದೆವು. ಮನೆಯ ಯಜಮಾನನೊಬ್ಬನನ್ನೇ ಅಲ್ಲದೆ ಮನೆಯಲ್ಲಿದ್ದ ಪ್ರತಿಯೊಬ್ಬರನ್ನೂ ಕೇಳಿದೆವು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿನಿಂದ ಕಿವಿ ಕೇಳದ ಒಬ್ಬ ಮಗ್ಗದ ಕೆಲಸಗಾರ ಸಿಕ್ಕಿದ. ಮಗ್ಗದ ಸದ್ದಿನಲ್ಲಿ ಅಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಅಲ್ಲಿ ಅವನದೇ ಕಾರುಬಾರು, ಸನ್ನೆಯಲ್ಲಿ ಅವನಷ್ಟು ಚಾಡಿ ಹೇಳಬಲ್ಲವರು ಇನ್ನೊಬ್ಬರಿಲ್ಲ. "ಇವನಿಗೆ ಕಷ್ಟ ಇದೆಯಾ?" ಎಂದು ಮಾಲೀಕನನ್ನು ಕೇಳಿದರೆ, "ಮಗ್ಗದ ಮನೇಲಿ ಇಲ್ಲ ಸಾರ್. ಬಸ್‌ಸ್ಟ್ಯಾಂಡಿಗೆ ಹೋದ್ರೆ ಇದೆ" ಎಂದ. ಈ ಉತ್ತರವನ್ನು ಹಾಳೆಯ ಯಾವ ಚೌಕದಲ್ಲಿ ತುಂಬಬೇಕೆಂದು ತಿಳಿಯದೆ ಅಂಚಿನಲ್ಲಿ ಬರೆದೆ. ರಾಯರು ಹಾಳೆ ಕೊಳೆಯಾಯಿತೆಂದು ಬಯ್ಯಲಿಲ್ಲ. ಕೆಳಗೆ ಕೆಂಪು ಗೆರೆ ಎಳೆದು ಮೇಡಂಗೆ ಕಳಿಸಿದರು.

ಸೊನ್ನೆ ಇದ್ದ ಊರುಗಳಲ್ಲೆಲ್ಲ ಅಂಕಿಗಳು ಎದ್ದು ನಿಂತವು. ಇದ್ದಕ್ಕಿದ್ದಂತೆ ಇಷ್ಟು ಜನ ಎಲ್ಲಿಂದ ಬಂದರೆಂದು ಮೇಲಿನವರು ರಾಯರಿಗೆ ನೋಟೀಸು ಕೊಟ್ಟರು. "ಮೊದಲಿನಿಂದಲೂ ಇದ್ದರು. ನಾವು ಈಗ ಹೋದೆವು" ಎಂದು ರಾಯರು ಎರಡೇ ವಾಕ್ಯದ ಉತ್ತರ ಬರೆದರು. ಕೆಲವು ಕಾಲದ ಮೇಲೆ ಎಲ್ಸಾ ಮೇಡಂ ಅವರಿಂದ ಒಂದು ಕಾಗದ ಬಂತು. ಅಜ್ಜಿಯ ಪ್ರಶ್ನೆಯನ್ನು ತಮ್ಮ ದೇಶದಲ್ಲೂ ಕೇಳಿ ನೋಡಿದರಂತೆ. ಅಲ್ಲಿ ಕೆರೆ ಏರಿ ಇಲ್ಲದ ಕಾರಣ 'ರಸ್ತೆಯ ಆಚೆ ಬದಿಯಲ್ಲಿ ಬರುವವರು' ಎಂದು ಬದಲಿಸಿದ್ದರು. ಕೊನೆಯಲ್ಲಿ, 'ಚೊಂಬಿನ ವಿಷಯ ನನಗೆ ಆ ದಿನವೇ ಅರ್ಥವಾಗಿತ್ತು, ಮಿಸ್ಟರ್ ಪಿಳ್ಳಪ್ಪ. ನೀವು ಜೀಪಿನ ಬಾಗಿಲಿಗೂ ಎಡಗಡೆಯೇ ಹಣೆ ತಾಗಿಸಿಕೊಂಡಿರಿ' ಎಂದು ಬರೆದಿದ್ದರು.

ಆ ಕಾಗದವನ್ನು ಓದಿ ಹೇಳಲೆಂದು ಮುನಿಯಮ್ಮನ ಮನೆಗೆ ಹೋದೆ. ಮುಂಚೆಯೇ ಒಂದು ಕಾರ್ಡು ಹಾಕಿ ಬರುವ ದಿನ ತಿಳಿಸಿದ್ದೆ. ಸೈಕಲ್ ನಿಲ್ಲಿಸಿ, ಇನ್ನೊಮ್ಮೆ ಮಾನ ಕಳೆದುಕೊಳ್ಳಬಾರದೆಂದು ತಲೆಯನ್ನು ಪೂರ್ತಿ ತಿರುಗಿಸಿ ಬಾಗಿಲ ಎಡಗಡೆ ನೋಡಿದೆ. ಅಲ್ಲಿ ಚೊಂಬಿರಲಿಲ್ಲ. ಬಲಗಡೆ ಇತ್ತು, ತುಂಬಿದ ನೀರು.

ಕೆಂಪಣ್ಣ ನಗುತ್ತ ಹೊರಗೆ ಬಂದ. "ನಿಮ್ಮ ಕಾರ್ಡು ಬಂದಾಗಿಂದ ಅವ್ವ ದಿನಾ ಎದ್ದು ತಾನೇ ಮುಟ್ಟಿ ನೋಡ್ತಾಳೆ ಸ್ವಾಮಿ, ಯಾರಾದ್ರೂ ಮರೆತು ಆ ಕಡೆ ಇಟ್ಟಿದಾರೇನೋ ಅಂತ" ಎಂದ.

ಮುನಿಯಮ್ಮ ಜಗುಲಿಯಿಂದ ಕೂಗಿದಳು. "ಸದ್ದೇ ಆಗ್ಲಿಲ್ವಲ್ಲ, ಬಂದವನು ನೀನೇ ಏನಪ್ಪಾ?"

"ನಾನೇ ಅಜ್ಜಿ" ಎಂದು ಚೊಂಬು ಎತ್ತಿಕೊಂಡೆ. ಎರಡೂ ಕಾಲಿನ ಮೇಲೆ ನೀರು ಸುರಿದುಕೊಂಡು, ಕಣ್ಣೊರೆಸಿಕೊಂಡು ಒಳಗೆ ಹೋದೆ.